ಮಗುವಿನ ಔಷಧದ ಲೆಕ್ಕ



ಕೆಲಸ ಹುಡುಕಿ ಇಚಲಕರಂಜಿಯ ಮಗ್ಗಕ್ಕೂ ಗಡಹಿಂಗ್ಲಜದ ಕಬ್ಬಿನ ಗದ್ದೆಗೂ ಅಲೆಯುವ ನಾವು ಮಗುವಿನ ಜ್ವರದ ಔಷಧವನ್ನು ಒಂದೇ ಅಂಗಡಿಯಲ್ಲಿ ಕೊಳ್ಳುವುದಿಲ್ಲ. ಬಾಟಲಿ ನೋಡಲು ಒಂದೇ, ಒಳಗಿನ ಪ್ರಮಾಣ ಬೇರೆ.

ಪ್ಯಾರಾಸಿಟಮಾಲ್ ಸಿರಪ್ಪಿನ 5 ಮಿ.ಲೀ.ನಲ್ಲಿ 125 ಮಿಲಿಗ್ರಾಂ ಇರುವುದುಂಟು, 250 ಇರುವುದೂ ಉಂಟು. ಡಾಕ್ಟರು ಕಿಲೋ ತೂಕಕ್ಕೆ 15 ಮಿಲಿಗ್ರಾಂನಂತೆ ಹೇಳಿದರೆ, 10 ಕಿಲೋ ಮಗುವಿಗೆ ಒಂದು ಹೊತ್ತಿಗೆ 150 ಆಯಿತು. ಮೊದಲ ಬಾಟಲಿಯಲ್ಲಿ 1 ಮಿ.ಲೀ.ಗೆ 25, ಆದ್ದರಿಂದ 6 ಮಿ.ಲೀ. ಎರಡನೆಯದರಲ್ಲಿ 50, 3 ಮಿ.ಲೀ. ಸಾಕು. ರೂಢಿಯಂತೆ ಆರೇ ಹಾಕಿದರೆ ಇಮ್ಮಡಿ ಹೋಯಿತು. ಹೊತ್ತುಹೊತ್ತಿಗೂ ಹೀಗೆಯೇ ನಡೆದರೆ ಯಕೃತ್ತಿಗೆ ಪೆಟ್ಟು; ಹೊರಗೆ ತಿಳಿಯುವುದು ಒಂದೆರಡು ದಿನ ತಡವಾಗಿ. ಹಾಜರಿ ಪಟ್ಟಿಯ ಒಂದು ರೂಪಾಯಿ ಬಿಡದ ನಮಗೆ ಈ ಭಾಗಾಕಾರ ದೊಡ್ಡದಲ್ಲ.

1 ಮಿ.ಲೀ.ಗೆ 100 ಇರುವ ಹನಿ ಔಷಧವಾದರೆ 1.5 ಮಿ.ಲೀ. ಆ ಚುಕ್ಕೆ ಕಾಣದಿದ್ದರೆ ಹದಿನೈದಾಗುತ್ತದೆ!

ಅಂಗನವಾಡಿಯಲ್ಲಿ ಮಗುವನ್ನು ತೂಗಿಸಿರಿ. ಅಡಿಗೆಮನೆಯ ಚಮಚ ಬೇಡ, ಗೆರೆಯಿರುವ ಮುಚ್ಚಳದಿಂದಲೇ ಅಳೆಯಿರಿ. ನಾಲ್ಕು ಗಂಟೆಯೊಳಗೆ ಮತ್ತೆ ಕೊಡಬೇಡಿರಿ. ದಿನಕ್ಕೆ ನಾಲ್ಕು ಸಲ ದಾಟಿಸಬೇಡಿರಿ. ಹೆಚ್ಚು ಹೋಯಿತೆಂದು ತಿಳಿದರೆ ಮಗು ಆಡುತ್ತಿದ್ದರೂ ಕಾಯದೆ, ಬಾಟಲಿ ಸಮೇತ ಹತ್ತಿರದ ಸರ್ಕಾರಿ ದವಾಖಾನೆಗೆ, ಕೊಲ್ಹಾಪುರದಲ್ಲಿದ್ದರೆ ಸಿ.ಪಿ.ಆರ್. ಆಸ್ಪತ್ರೆಗೆ, ಆಗಲೇ ಹೊರಡಿರಿ.