ಯುದ್ಧದ ಕಾಲದಲ್ಲಿ ಮಕ್ಕಳ ಕಾಲೇಜು
(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಮೊದಲೆಲ್ಲ ಪಿಯುಸಿ ಫಲಿತಾಂಶ ಬಂದಾಗ ಪಾಲಕರು ನನ್ನನ್ನು ಕೇಳುತ್ತಿದ್ದ ಪ್ರಶ್ನೆ, “ಯಾವ ಕಾಲೇಜು ಚಲೋ ಐತಿ ಸರ್?” ಎಂದು. ಈಚೆಗೆ ಒಬ್ಬ ತಂದೆ ಬಂದು, “ಈಗ ಯಾವ ದೇಶದಾಗ ಯುದ್ಧ ಇಲ್ಲ ಸರ್?” ಎಂದು ಕೇಳಿದರು. ಅವರ ಮಗಳಿಗೆ ಡಾಕ್ಟರ್ ಆಗುವ ಆಸೆ, ನೀಟ್ ಅಂಕ ಸರ್ಕಾರಿ ಸೀಟಿಗೆ ಸಾಲದು. ಅವರ ಪ್ರಶ್ನೆಗೆ ನಾನು ಒಂದು ಮಾತಿನಲ್ಲಿ ಉತ್ತರ ಕೊಡಲಿಲ್ಲ. ಆ ಉತ್ತರವನ್ನೇ ಇವತ್ತು ನಿಮ್ಮೆಲ್ಲರ ಮುಂದೆ ಹೇಳುತ್ತೇನೆ.

ನಮ್ಮ ತಾಲೂಕಿನ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ, ಆಚೆ ದಡ ಹಾವೇರಿ ಜಿಲ್ಲೆ. ಅಲ್ಲಿಯ ರಾಣೇಬೆನ್ನೂರು ತಾಲೂಕಿನ ಚಳಗೇರಿಯ ಹುಡುಗ ನವೀನ್ ಗ್ಯಾನಗೌಡರ್ ಉಕ್ರೇನಿನ ಖಾರ್ಕಿವ್‌ನಲ್ಲಿ ನಾಲ್ಕನೇ ವರ್ಷದ ವೈದ್ಯಕೀಯ ಓದುತ್ತಿದ್ದ. 2022ರ ಮಾರ್ಚ್ 1ರಂದು ಊಟದ ಸಾಮಾನು ತರಲು ಹೊರಗೆ ಹೋದವನು ಶೆಲ್ ದಾಳಿಗೆ ಬಲಿಯಾದ. ಮೃತದೇಹ ಊರಿಗೆ ಬಂದದ್ದು ಮಾರ್ಚ್ 21ಕ್ಕೆ. ತಂದೆತಾಯಿ ಅದನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಪಿಯುಸಿಯಲ್ಲಿ ಶೇಕಡಾ 97 ತೆಗೆದರೂ ಮಗನಿಗೆ ಇಲ್ಲಿ ಸೀಟು ಸಿಗಲಿಲ್ಲ ಎಂದು ಆ ತಂದೆ ಟಿವಿಯವರ ಮುಂದೆ ಹೇಳಿದ್ದನ್ನು ನೀವೂ ಕೇಳಿದ್ದೀರಿ.

ಆ ವರ್ಷ ಆಪರೇಷನ್ ಗಂಗಾ ಹೆಸರಿನಲ್ಲಿ ಉಕ್ರೇನಿನಿಂದ ಸುಮಾರು 22,500 ಭಾರತೀಯರು ವಾಪಸ್ ಬಂದರು. ಹೆಚ್ಚಿನವರು ವಿದ್ಯಾರ್ಥಿಗಳೇ. ಬಂದ ಮೇಲೆ ಏನು? ಇದನ್ನು ಯಾರೂ ಹೆಚ್ಚು ಮಾತಾಡುವುದಿಲ್ಲ. 2021ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಮಾಡಿದ ನಿಯಮದಂತೆ, ವಿದೇಶದಲ್ಲಿ ಓದುವವರು ಕೋರ್ಸನ್ನು ಪೂರ್ತಿ ಒಂದೇ ಸಂಸ್ಥೆಯಲ್ಲಿ ಮುಗಿಸಬೇಕು. ಯುದ್ಧ ಬಂತೆಂದು ಬೇರೆ ಕಾಲೇಜಿಗೆ ಜಿಗಿಯುವ ಹಾಗಿಲ್ಲ. ಭಾರತದ ಕಾಲೇಜುಗಳಲ್ಲಿ ಜಾಗ ಕೊಡಲು ಸರ್ಕಾರ ಒಪ್ಪಲಿಲ್ಲ. 2022ರ ಸೆಪ್ಟೆಂಬರಿನಲ್ಲಿ, ಉಕ್ರೇನಿನ ಮೂಲ ವಿಶ್ವವಿದ್ಯಾಲಯವೇ ಪದವಿ ಕೊಡುವುದಾದರೆ ಬೇರೆ ದೇಶದಲ್ಲಿ ಕೂತು ಓದಬಹುದು ಎಂದು ಆಯೋಗ ಸಡಿಲಿಸಿತು. ಕೊನೆಯ ವರ್ಷದ ಮಕ್ಕಳಿಗೆ ಮಾತ್ರ 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ದಾರಿ ತೆರೆಯಿತು: ಇಲ್ಲಿಯ ಎಂಬಿಬಿಎಸ್ ಪರೀಕ್ಷೆ ಪಾಸಾಗಿ, ಎರಡು ವರ್ಷ ಇಂಟರ್ನ್‌ಷಿಪ್ ಮಾಡುವುದು. ಮೊದಲ, ಎರಡನೇ ವರ್ಷದಲ್ಲಿದ್ದವರಿಗೆ ಆ ದಾರಿ ಇರಲಿಲ್ಲ. ಹೊಲ ಅಡ ಇಟ್ಟು ಕಳಿಸಿದ ಮನೆಗೆ ಸಾಲ ಮಾತ್ರ ನಿಯಮ ಕೇಳದೆ ವಾಪಸ್ ಬರುತ್ತದೆ.

ಮುಂದಿನ ಮಕ್ಕಳು ವಿದೇಶದ ಆಸೆ ಬಿಟ್ಟರೇ? ಇಲ್ಲ. ಜಾರ್ಜಿಯಾ, ಕಝಾಕಿಸ್ತಾನ, ಕಿರ್ಗಿಸ್ತಾನ, ಉಜ್ಬೇಕಿಸ್ತಾನ ಎಂದು ಹೆಸರು ಬದಲಾಯಿತು ಅಷ್ಟೆ. ಏಜೆಂಟರ ಬ್ಯಾನರಿನಲ್ಲಿ ಧ್ವಜದ ಚಿತ್ರ ಬದಲಾದರೆ ಸಾಕು, ಉಳಿದದ್ದು ಅದೇ. ಯುದ್ಧವಿಲ್ಲದ ಊರು ಎಂದು ಹೋದ ಬಿಷ್ಕೆಕ್‌ನಲ್ಲಿ 2024ರ ಮೇ ತಿಂಗಳಲ್ಲಿ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್‌ಗಳ ಮೇಲೆ ಗುಂಪು ದಾಳಿ ನಡೆಯಿತು. 2025ರ ಜೂನಿನಲ್ಲಿ ಇರಾನ್ ಮೇಲೆ ಬಾಂಬು ಬಿದ್ದಾಗ ಉರ್ಮಿಯಾದ ವೈದ್ಯಕೀಯ ವಿದ್ಯಾರ್ಥಿಗಳು, ಅವರಲ್ಲಿ ಹೆಚ್ಚಿನವರು ಕಾಶ್ಮೀರದವರು, ಆರ್ಮೇನಿಯಾ ದಾಟಿ ದೆಹಲಿಗೆ ಬಂದರು. ನಮ್ಮ ರಾಜ್ಯದ ಗೌರಿಬಿದನೂರು ತಾಲೂಕಿನ ಅಲಿಪುರದ ಮನೆಗಳಲ್ಲಿ ಆ ಹನ್ನೆರಡು ದಿನ ಯಾರೂ ಸರಿಯಾಗಿ ನಿದ್ದೆ ಮಾಡಿರಲಾರರು. ಆ ಊರಿನ ಮಕ್ಕಳು ಧರ್ಮಶಾಸ್ತ್ರಕ್ಕೂ ವೈದ್ಯಕೀಯಕ್ಕೂ ಇರಾನಿಗೆ ಹೋಗುವುದು ಹಳೆಯ ರೂಢಿ.

ಇತಿಹಾಸ ಬೇರೆ ಮಾತೂ ಹೇಳುತ್ತದೆ, ಅದನ್ನೂ ಹೇಳಬೇಕು. 1939ರಲ್ಲಿ ಕೇಂಬ್ರಿಜ್‌ನಿಂದ ರಜೆಗೆ ಬಂದಿದ್ದ ಹೋಮಿ ಭಾಭಾ ಮಹಾಯುದ್ಧದಿಂದ ವಾಪಸ್ ಹೋಗಲಾರದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಲ್ಲಿ ವಿಶ್ವಕಿರಣ ಸಂಶೋಧನೆ ಕಟ್ಟಿದರು. ವಿಕ್ರಮ್ ಸಾರಾಭಾಯಿ ಕೂಡ ಕೇಂಬ್ರಿಜ್ ಬಿಟ್ಟು ಬಂದು ಅಲ್ಲಿಯೇ ಸಿ.ವಿ. ರಾಮನ್ ಅವರ ಕೈಕೆಳಗೆ ಕೆಲಸ ಮಾಡಿದರು. ಯುದ್ಧ ಮುಗಿದ ಮೇಲೆ ತಿರುಗಿ ಹೋಗಿ 1947ರಲ್ಲಿ ಪಿಎಚ್.ಡಿ. ಪಡೆದರು. ಅದೇ ಯುದ್ಧದ ಅಗತ್ಯಕ್ಕೆ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಬಂತು, 1942ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಶಾಸ್ತ್ರದ ವಿಭಾಗ ತೆರೆಯಿತು. ಅಲ್ಲಿಯವರೆಗೆ ಇಲ್ಲಿ ಇರದಿದ್ದ ಓದು ಅದು. ಆದರೆ ಭಾಭಾ, ಸಾರಾಭಾಯಿ ಉಳ್ಳವರ ಮನೆಯ ಮಕ್ಕಳು. ಎರಡು ಮೂರು ವರ್ಷ ತಡವಾದರೆ ಅವರ ಮನೆಯಲ್ಲಿ ಒಲೆ ಆರುತ್ತಿರಲಿಲ್ಲ. ನಮ್ಮ ಮಕ್ಕಳಿಗೆ ಒಂದು ವರ್ಷ ಹೋದರೆ ತಂಗಿಯ ಓದು ನಿಲ್ಲುತ್ತದೆ.

ಹೌದು, ತಂಗಿಯ ಓದೇ ಮೊದಲು ನಿಲ್ಲುತ್ತದೆ. ಟಿವಿಯಲ್ಲಿ ಬಾಂಬು ಕಂಡ ಕೂಡಲೇ ಗಂಡುಮಗನಿಗೆ ಇನ್ನೊಂದು ದೇಶ ಹುಡುಕುತ್ತೇವೆ, ಹೆಣ್ಣುಮಗಳಿಗೆ ಗಂಡು ಹುಡುಕುತ್ತೇವೆ. ಖಾರ್ಕಿವ್‌ನ ಯುದ್ಧಕ್ಕೂ ಹೊಸಪೇಟೆಯ ಕಾಲೇಜಿಗೆ ಹೋಗುವ ಹುಡುಗಿಯ ಬಸ್ ಪಾಸಿಗೂ ಏನು ಸಂಬಂಧ? ನನಗಂತೂ ಕಾಣುವುದಿಲ್ಲ. ಆದರೆ “ಕಾಲ ಸರಿ ಇಲ್ಲ” ಎಂಬ ಒಂದು ಮಾತಿನಲ್ಲಿ ಎರಡನ್ನೂ ಕಟ್ಟಿಬಿಡುತ್ತೇವೆ.

ಈಗ ಆ ತಂದೆಯ ಪ್ರಶ್ನೆಗೆ ಬರೋಣ. ಐದಾರು ವರ್ಷ ಎಲ್ಲಿ ಶಾಂತಿ ಇರುತ್ತದೆ ಎಂದು ಹೇಳಬಲ್ಲವನು ಅಲ್ಲಾಹ್ ಒಬ್ಬನೇ. ನಾವು ನೋಡಬಹುದಾದದ್ದು ಬೇರೆ. ಕೋರ್ಸು ಕನಿಷ್ಠ 54 ತಿಂಗಳು ಇದೆಯೇ? ಪಾಠ ಇಂಗ್ಲಿಷಿನಲ್ಲಿಯೇ? ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಷಿಪ್ ಇದೆಯೇ? ಅಲ್ಲಿ ಓದಿದವನಿಗೆ ಆ ದೇಶದಲ್ಲಿಯೇ ವೈದ್ಯ ವೃತ್ತಿ ಮಾಡುವ ಅಧಿಕಾರ ಸಿಗುತ್ತದೆಯೇ? ಸೇರಿದ ದಿನದಿಂದ ಹತ್ತು ವರ್ಷದೊಳಗೆ ಎಲ್ಲ ಮುಗಿಯಬೇಕು. ನೀಟ್ ಪಾಸಾಗದೆ ಹೋದರೆ ಆ ಪದವಿ ಇಲ್ಲಿ ನಡೆಯದು. ಮರಳಿದ ಮೇಲೆ 300 ಅಂಕದ ಎಫ್‌ಎಂಜಿಇ ಪರೀಕ್ಷೆಯಲ್ಲಿ 150 ಬರಬೇಕು, ಮತ್ತೆ ಇಲ್ಲಿಯೂ ಇಂಟರ್ನ್‌ಷಿಪ್. ಆ ಪರೀಕ್ಷೆಯಲ್ಲಿ ಪಾಸಾಗುವವರಿಗಿಂತ ಫೇಲಾಗುವವರೇ ಬಹಳ. ಇದನ್ನು ಯಾವ ಏಜೆಂಟನೂ ಮೊದಲ ದಿನ ಹೇಳುವುದಿಲ್ಲ.

ದಾನಿಗಳಲ್ಲಿ ನನ್ನದೊಂದು ಅರಿಕೆ. ನೀವು ಕೊಟ್ಟ ಜಕಾತ್, ಸದಖಾ ಹಣ ಏಜೆಂಟನ ಕಮಿಷನ್ ಆಗಬಾರದು. ಒಬ್ಬ ವಿದೇಶಕ್ಕೆ ಹೋಗುವ ಖರ್ಚಿನ ಚೂರಿನಲ್ಲಿ ಒಂದು ಹುಡುಗಿ ಇನ್ನೊಂದು ವರ್ಷ ಕೂತು ನೀಟ್ ಬರೆಯಬಹುದು, ಇಬ್ಬರು ಬಿ.ಎಸ್ಸಿ. ನರ್ಸಿಂಗ್ ಸೇರಬಹುದು, ಲ್ಯಾಬ್ ಟೆಕ್ನಿಷಿಯನ್ ಅಥವಾ ಬಿ.ಫಾರ್ಮಾ ಓದಬಹುದು. ನಮ್ಮ ಊರಿನ ಆಸ್ಪತ್ರೆಗೆ ಇವರೂ ಬೇಕು. ಬಳ್ಳಾರಿ, ಕೊಪ್ಪಳ, ಗದಗ, ಈಗ ಹಾವೇರಿಯಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಸೀಟು ಸಿಕ್ಕವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲವಿದೆ, ಆದರೆ ಅರ್ಜಿ ಹಾಕುವ ಹೊತ್ತಿಗೆ ಆದಾಯ ಪ್ರಮಾಣಪತ್ರ ಇಲ್ಲದೆ ಪರದಾಡುವವರೇ ನಮ್ಮಲ್ಲಿ ಜಾಸ್ತಿ. ಆದರೂ ವಿದೇಶಕ್ಕೆ ಹೋಗಲೇಬೇಡಿ ಎಂದು ನಾನು ಹೇಳುವುದಿಲ್ಲ. ಉಕ್ರೇನಿನಲ್ಲಿ ಓದಿ ಬಂದು ಇಲ್ಲಿ ರೋಗಿಗಳನ್ನು ನೋಡುತ್ತಿರುವ ಡಾಕ್ಟರುಗಳೂ ಇದ್ದಾರೆ.

ಆದ್ದರಿಂದ ಈ ವರ್ಷದಿಂದ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಒಂದು ಹೊಸ ಕಾಲಂ ಸೇರಿಸಲು ಟ್ರಸ್ಟಿಗೆ ಕೇಳಿಕೊಂಡಿದ್ದೇನೆ: ಓದು ನಡುವೆ ನಿಂತರೆ ಮುಂದೇನು ಮಾಡುತ್ತೀರಿ? ವಿದೇಶಕ್ಕೆ ಹೋಗುವವರು ಮಾತ್ರವಲ್ಲ, ಎಲ್ಲರೂ ಅದನ್ನು ತುಂಬಬೇಕು. ಏಜೆಂಟನಿಗೆ ಮುಂಗಡ ಕೊಡುವ ಮೊದಲು ಅವನು ಕೊಟ್ಟ ಕಾಗದಗಳನ್ನು ತನ್ನಿ. ಶುಕ್ರವಾರ ಜುಮಾ ನಮಾಜಿನ ನಂತರ ಟ್ರಸ್ಟಿನ ಕೋಣೆಯಲ್ಲಿ ಇರುತ್ತೇನೆ, ಒಟ್ಟಿಗೆ ಕೂತು ಓದೋಣ. ಮಗಳನ್ನೂ ಕರೆದುಕೊಂಡು ಬನ್ನಿ, ಓದುವವಳು ಅವಳು.