ಹುದ್ದೆ ಹೋಗಿ ಹೆಸರುಳಿದ ಗೌಡ



‘ಗೌಡ’ ಅಂದ ಕೂಡಲೇ ಇಲ್ಲಿ ಕುಳಿತಿರುವ ಒಬ್ಬೊಬ್ಬರ ಮನಸ್ಸಿಗೂ ಒಬ್ಬೊಬ್ಬ ಗೌಡ ಬರುತ್ತಾನೆ. ಮಂಡ್ಯ, ಹಾಸನದ ಕಡೆಯವರಿಗೆ ಅದು ಒಕ್ಕಲಿಗರ ಹೆಸರಿನ ಕೊನೆ. ವಿಜಯಪುರದ ಕಡೆಯವರಿಗೆ ವಾಡೆ, ಎರೆಹೊಲ, ಕಟ್ಟೆಯ ಮೇಲಿನ ನ್ಯಾಯ. ಆ ಗೌಡರು ಬಹಳ ಕಡೆ ಲಿಂಗಾಯತರು. ಅಂಕೋಲೆಯವರಿಗೆ ಹಾಲಕ್ಕಿಗಳು, ಸುಳ್ಯದವರಿಗೆ ಅರೆಭಾಷೆ ಆಡುವವರು ನೆನಪಾಗುತ್ತಾರೆ. ಗಡಿ ದಾಟಿ ತೆಲಂಗಾಣಕ್ಕೆ ಹೋದರೆ ಕಳ್ಳು ಇಳಿಸುವ ಸಮುದಾಯವೇ ‘ಗೌಡ್’. ಕೊಯಮತ್ತೂರಿಗೆ ಇಳಿದರೆ ‘ಗೌಂಡರ್’. ಅಲ್ಲೂ ಅದನ್ನು ಇಟ್ಟುಕೊಂಡಿರುವುದು ಒಂದೇ ಜಾತಿಯಲ್ಲ. ಗೌಡ ಎಂಬುದನ್ನು ಯಾವುದಾದರೂ ಒಂದು ಜಾತಿಯ ಖಾತೆಗೆ ಬರೆದುಕೊಳ್ಳುತ್ತೇವೆಂದು ಹಟ ಹಿಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಯಾಕೆಂದರೆ ಮೊದಲಿಗೆ ಅದೊಂದು ಹುದ್ದೆ.

ಹುದ್ದೆಯ ದಾಖಲೆ ಕಲ್ಲಿನಲ್ಲಿದೆ. ಹಾನಗಲ್ಲು ತಾಲೂಕಿನ ಆಡೂರಿನಲ್ಲಿ ಬಾದಾಮಿ ಚಾಲುಕ್ಯರ ಕಾಲದ ಶಾಸನವಿದೆ. ಜಿನಾಲಯ ಕಟ್ಟಿಸಿದ ಧರ್ಮಗಾಮುಂಡ ಎಂಬವನ ಹೆಸರು ಅದರಲ್ಲಿ ಬರುತ್ತದೆ. ಈ ‘ಗಾಮುಂಡ’ ಮುಂದೆ ಗಾವುಂಡ, ಗವುಂಡ, ಗವುಡ ಆಗಿ ನಮ್ಮ ಗೌಡನಾದ. ಕುಮಾರ ಕುವರನಾದ ದಾರಿಯಲ್ಲೇ ಇಲ್ಲಿ ಮಕಾರ ವಕಾರವಾಗಿದೆ, ಆಶ್ಚರ್ಯವೇನಿಲ್ಲ. ಇದರ ಮೂಲವನ್ನು ಸಂಸ್ಕೃತದ ‘ಗ್ರಾಮ’ದ ಕಡೆಗೆ ಎಳೆಯುವವರು ಬಹಳ ಜನ. ಉಳಿದರ್ಧ ಏನು ಎಂಬ ಬಗ್ಗೆ ಪಂಡಿತರ ಜಗಳ ಮುಗಿದಿಲ್ಲ, ಅದನ್ನು ಅವರಿಗೇ ಬಿಡೋಣ.

ನನಗೆ ಹೆಚ್ಚು ಕುತೂಹಲ ಇರುವುದು ಗಾವುಂಡರೊಳಗಿನ ಮೆಟ್ಟಿಲುಗಳ ಬಗ್ಗೆ. ಊರಿಗೊಬ್ಬ ಊರ್ಗಾವುಂಡ, ಹತ್ತಾರು ಊರು ಸೇರಿದ ನಾಡಿಗೆ ನಾಳ್ಗಾವುಂಡ. ಪಕ್ಕದಲ್ಲಿ ಲೆಕ್ಕ ಬರೆಯುವ ಸೇನಬೋವ. ಇವನೇ ಮುಂದೆ ಶಾನುಭೋಗನಾದವನು. ಶಾಸನಗಳು ಪ್ರಭುಗಾವುಂಡರು ಬೇರೆ, ಪ್ರಜೆಗಾವುಂಡರು ಬೇರೆ ಎಂದೂ ಹೇಳುತ್ತವೆ. ಪ್ರಭುಗಾವುಂಡ ಅಧಿಕಾರಸ್ಥ. ಪ್ರಜೆಗಾವುಂಡರೆಂದರೆ ಊರಿನ ಒಕ್ಕಲು ಮನೆಗಳ ಹಿರಿಯರು. ದಾನ ಕೊಡುವಾಗ, ಗಡಿ ಗುರುತಿಸುವಾಗ ಗುಂಪಾಗಿ ನಿಂತು ಸಾಕ್ಷಿಯಾಗುವವರು. ಹಾಗೆ ನೋಡಿದರೆ ಸಾವಿರ ವರ್ಷದ ಹಿಂದೆಯೇ ಈ ಪದಕ್ಕೆ ಎರಡು ಮೈ ಇತ್ತು: ಆಳುವವನೂ ಗಾವುಂಡ, ಉಳುವ ಮನೆಯ ಯಜಮಾನನೂ ಗಾವುಂಡ.

ಅಧಿಕಾರದ ಜೊತೆ ಕೆಲಸವೂ ಇತ್ತು. ತೆರಿಗೆ ಎತ್ತಿ ಕೊಡಬೇಕು, ಕೆರೆ ಒಡೆದರೆ ಕಟ್ಟಿಸಬೇಕು, ತುರುಗಳ್ಳರು ಬಂದರೆ ಮುಂದೆ ನಿಂತು ಕಾದಬೇಕು. ಹಾಗೆ ಕಾದಿ ಸತ್ತ ಗಾವುಂಡರ ವೀರಗಲ್ಲುಗಳು ಹಳ್ಳಿಹಳ್ಳಿಯಲ್ಲಿವೆ. ಕೆರೆ ಕಟ್ಟಿಸಿದವರಿಗೆ ಕಟ್ಟುಗೊಡಗೆ ಎಂದು ಭೂಮಿ ಸಿಗುತ್ತಿತ್ತು. ಆ ಭೂಮಿ ಮಕ್ಕಳಿಗೆ ಇಳಿಯಿತು, ಭೂಮಿಯ ಜೊತೆ ಹುದ್ದೆಯೂ ಇಳಿಯಿತು. ಹುದ್ದೆ ಮನೆತನಕ್ಕೆ ಅಂಟಿದ್ದು ಹೀಗೆ. ಒಂದು ಸೀಮೆಯಲ್ಲಿ ಅಂಥ ಮನೆತನಗಳು ಬಹುಪಾಲು ಒಂದೇ ಜಾತಿಗೆ ಸೇರಿದ್ದರೆ ಜಾತಿಗೂ ಅಂಟಿತು. ಸೀಮೆಯಿಂದ ಸೀಮೆಗೆ ಜಾತಿ ಬೇರೆಯಾದ್ದರಿಂದ ಇವತ್ತಿನ ಗೊಂದಲ. ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಕುರುಬರು, ಅವರ ತಂದೆಯ ಹೆಸರು ಸಿದ್ದರಾಮೇಗೌಡ. ಗೌಡ ಅಂದರೆ ಒಕ್ಕಲಿಗ ಎಂದು ನಂಬಿಕೊಂಡವರು ಇದನ್ನು ಕೇಳಿ ಹುಬ್ಬೇರಿಸುತ್ತಾರೆ.

ಹೆಣ್ಣಿನ ಮಾತಿಗೆ ಬರುತ್ತೇನೆ. ಗೌಡನ ಹೆಂಡತಿ ಗೌಡ್ತಿ, ಗೌಡಸಾನಿ. ಗಂಡನ ಹುದ್ದೆಯ ನೆರಳು ಎನ್ನುತ್ತೀರಿ. ಶಿಕಾರಿಪುರ ತಾಲೂಕಿನ ಬಂದಳಿಕೆಯ ಶಾಸನವೊಂದು ಹಾಗೆನ್ನುವುದಿಲ್ಲ. ಹತ್ತನೆಯ ಶತಮಾನದ ಆರಂಭ, ರಾಷ್ಟ್ರಕೂಟ ಎರಡನೆಯ ಕೃಷ್ಣನ ಕಾಲ. ಎಪ್ಪತ್ತು ಊರುಗಳ ನಾಗರಖಂಡಕ್ಕೆ ನಾಗಾರ್ಜುನ ಎಂಬವನು ನಾಳ್ಗಾವುಂಡನಾಗಿದ್ದ. ಅವನು ತೀರಿಕೊಂಡ ಮೇಲೆ ರಾಜಾಜ್ಞೆಯಂತೆ ಆ ಪದವಿ ಬಂದದ್ದು ಅವನ ಹೆಂಡತಿ ಜಕ್ಕಿಯಬ್ಬೆಗೆ. ಮಗನ ಪರವಾಗಿ, ನಾಲ್ಕು ದಿನದ ಮಟ್ಟಿಗೆ ಎಂಬ ಮಾತಿಲ್ಲ. ನಾಳ್ಗಾವುಂಡ ಪದವಿಯೇ ಅವಳದು. ಚೆಲುವೆ ಎಂದು ಹೊಗಳಿದ ಶಾಸನವೇ ಆಳುವುದರಲ್ಲಿ ಸಮರ್ಥೆ ಎಂದೂ ಹೊಗಳುತ್ತದೆ. ಕೊನೆಗೆ ಕಾಯಿಲೆ ಬಿದ್ದಾಗ ತನ್ನದನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ಕೈಗೊಂಡು ದೇಹ ಬಿಟ್ಟಳು. ಪಠ್ಯಪುಸ್ತಕದಲ್ಲಿ ಕಿತ್ತೂರು ಚೆನ್ನಮ್ಮನ ಹಿಂದೆ ಒಂದು ಪುಟ ತಿರುಗಿಸಿ ಇವಳಿಗೂ ಜಾಗ ಕೊಡಬೇಕಿತ್ತು ಎಂಬುದು ನನ್ನ ಹಳೆಯ ದೂರು.

ಗೌಡನ ಸುತ್ತ ನೆಂಟರಂಥ ಪದಗಳೂ ಇವೆ. ಹಳಗನ್ನಡದ ಪೆರ್ಗಡೆ ಹೆಗ್ಗಡೆಯಾಯಿತು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ 1936ರದು. ಅದರಲ್ಲಿ ಮನೆಯ ಯಜಮಾನ ಚಂದ್ರಯ್ಯಗೌಡ, ಹೆಂಡತಿ ಸುಬ್ಬಮ್ಮ ಹೆಗ್ಗಡಿತಿ. ಮಲೆನಾಡಿನಲ್ಲಿ ಎರಡು ಪದವೂ ಒಂದೇ ಜಗಲಿಯಲ್ಲಿ ಕೂರುತ್ತವೆ. ನೆಂಟಸ್ತಿಕೆ ಇಲ್ಲದೆ ನೆಂಟನಂತೆ ಕಾಣುವ ಪದವೂ ಒಂದಿದೆ: ಗೌಡ ಸಾರಸ್ವತರ ಗೌಡ. ಅದು ಬಂಗಾಳದ ಕಡೆಯ ಗೌಡದೇಶದ್ದು, ನಮ್ಮ ಗಾವುಂಡನಿಗೆ ಏನೂ ಆಗಬೇಕಾಗಿಲ್ಲ.

ಇನ್ನು ಹುದ್ದೆ ಹೋದ ಕಥೆ. ಹಳೆ ಮೈಸೂರಿನಲ್ಲಿ ಪಟೇಲ ಮತ್ತು ಶಾನುಭೋಗ, ಮುಂಬಯಿ ಕರ್ನಾಟಕದಲ್ಲಿ ಗೌಡ ಅಥವಾ ಪಾಟೀಲ ಮತ್ತು ಕುಲಕರ್ಣಿ. ಜೋಡಿಯ ಹೆಸರು ಬೇರೆ, ಕೆಲಸ ಒಂದೇ. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಆಯಿತು, 1963ರಲ್ಲಿ ಜಾರಿಗೆ ಬಂತು. ವಂಶಪಾರಂಪರ್ಯದ ಗೌಡಿಕೆ ಕಾನೂನಿನ ಪ್ರಕಾರ ಅಲ್ಲಿಗೆ ಮುಗಿಯಿತು, ಊರಿಗೆ ಗ್ರಾಮಲೆಕ್ಕಿಗ ಬಂದ. ಮುಗಿಯಬೇಕಾದದ್ದೇ. ಕಂದಾಯದ ಕಟ್ಟು ಹಿಡಿದುಕೊಂಡು ಬಿಟ್ಟಿ ದುಡಿಸಿಕೊಂಡ ಗೌಡರು ಕಡಿಮೆಯಿರಲಿಲ್ಲ. ಯಾರಾದರೂ ದರ್ಪ ತೋರಿಸಿದರೆ ‘ಗೌಡಿಕೆ ಮಾಡಬೇಡ’ ಎಂದು ಜನ ಸುಮ್ಮನೆ ಬೈಯುವುದಿಲ್ಲ.

ಹುದ್ದೆ ರದ್ದಾಗಿ ಮೂರು ದಶಕದ ಮೇಲೆ, 1996ರಲ್ಲಿ, ದೆಹಲಿಯಲ್ಲಿ ಒಬ್ಬ ಗೌಡರು ಪ್ರಧಾನಿಯಾಗಿ ಕೂತರು, ಬೆಂಗಳೂರಿನಲ್ಲಿ ಒಬ್ಬ ಪಟೇಲರು ಮುಖ್ಯಮಂತ್ರಿಯಾಗಿ ಕೂತರು. ಎಚ್.ಡಿ. ದೇವೇಗೌಡರು ಒಕ್ಕಲಿಗರು, ಜೆ.ಎಚ್. ಪಟೇಲರು ಲಿಂಗಾಯತರು. ಊರ ಯಜಮಾನಿಕೆಯ ಎರಡೂ ಪದಗಳು ಸೇರಿ ಒಟ್ಟಿಗೆ ಅಷ್ಟು ಮೇಲೇರಿದ್ದು ಅದೊಂದೇ ಸಲ ಇರಬೇಕು.

ಆದರೆ ಕಾಯ್ದೆ ಮುಟ್ಟಿದ್ದು ಸರ್ಕಾರಿ ಗೌಡನನ್ನು ಮಾತ್ರ, ಕುಲದ ಗೌಡನನ್ನಲ್ಲ. ಉತ್ತರ ಕನ್ನಡದ ಹಾಲಕ್ಕಿಗಳಲ್ಲಿ ಕೊಪ್ಪಕ್ಕೊಬ್ಬ ಗೌಡ, ಅವನಿಗೆ ಸಲಹೆಗೆ ಬುದವಂತ, ಓಡಾಟಕ್ಕೆ ಕೋಲಕಾರ ಎಂಬ ಏರ್ಪಾಡು ಹಿಂದಿನಿಂದ ಬಂದದ್ದು. ಅದೇ ಸಮುದಾಯದಲ್ಲಿ ಗೌಡ ಎಲ್ಲರ ಹೆಸರಿನ ಬಾಲವೂ ಹೌದು. ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ, ತುಳಸಿ ಗೌಡ ಇಬ್ಬರೂ ಅಂಕೋಲೆ ತಾಲೂಕಿನ ಹಾಲಕ್ಕಿಗಳು. ಆ ಹೆಸರುಗಳಲ್ಲಿ ಗೌಡ ಎಂದರೆ ಒಡೆತನವೂ ಅಲ್ಲ, ಜಮೀನೂ ಅಲ್ಲ.

ಸುಳ್ಯ, ಪುತ್ತೂರು, ಮಡಿಕೇರಿ ಕಡೆಯ ಅರೆಭಾಷೆ ಗೌಡರಲ್ಲಿ ಹತ್ತು ಕುಟುಂಬ ಹದಿನೆಂಟು ಗೋತ್ರ ಎಂಬ ಮಾತಿದೆ. ಎಲ್ಲರೂ ಗೌಡರೇ ಆದ ಕಡೆ ಮುಖ್ಯಸ್ಥನನ್ನು ಏನೆಂದು ಕರೆಯಬೇಕು? ಅವರು ‘ಊರುಗೌಡ’ ಎಂದು ಮುಂದೊಂದು ಪದ ಸೇರಿಸಿ ಕಷ್ಟ ಬಗೆಹರಿಸಿಕೊಂಡಿದ್ದಾರೆ. ಅವನಿಗೆ ಜೊತೆಯಾಗಿ ಒತ್ತುಗೌಡ. ಇವರಿಗೆ ಸಂಬಳವಿಲ್ಲ, ಉಂಬಳಿಯಿಲ್ಲ. ಆದರೂ ಮನೆಯಲ್ಲಿ ಮದುವೆ ಗೊತ್ತಾದರೆ ವೀಳ್ಯಶಾಸ್ತ್ರಕ್ಕೆ ಎರಡೂ ಕಡೆಯ ಊರುಗೌಡರಿಗೆ ಹೇಳಿಕಳಿಸುತ್ತಾರೆ.