ಹಳೆಯ ಯಂತ್ರ, ಹೊಸ ಬೆವರು: ರೋಯಿಂಗ್ ಯಂತ್ರಕ್ಕೆ ನ್ಯಾಯವಾದ ಬೆಲೆ ಯಾವುದು?



ಇಂದಿನ ಮಾತು ಒಂದು ವ್ಯಾಯಾಮದ ಯಂತ್ರದ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಮತ್ತೊಬ್ಬರು ಬಳಸಿದ ವಸ್ತುವಿಗೆ ಸರಿಯಾದ ಬೆಲೆ ಕಟ್ಟುವುದು ಹೇಗೆ ಎಂಬ ಬಗ್ಗೆ. ಯಂತ್ರದ ಹೆಸರು ಇನ್‌ಡೋರ್ ರೋಯಿಂಗ್ ಮಷೀನ್. ನೆಲದ ಮೇಲೆ ಕುಳಿತು ದೋಣಿಗೆ ಹುಟ್ಟು ಹಾಕುವ ಯಂತ್ರ. ಜಾರುವ ಒಂದು ಪೀಠ, ಕಾಲಿಡಲು ಎರಡು ಹಲಗೆ, ಎಳೆಯಲು ಒಂದು ಹಿಡಿ, ಆ ಹಿಡಿಗೆ ಸರಪಳಿಯಿಂದ ಜೋಡಿಸಿದ ಒಂದು ಗಾಲಿ. ಕಾಲು, ಸೊಂಟ, ಬೆನ್ನು, ತೋಳು ಎಲ್ಲವೂ ಒಂದೇ ಎಳೆತದಲ್ಲಿ ದುಡಿಯುತ್ತವೆ. ಬಾವಿಯಿಂದ ನೀರು ಸೇದಿದವರಿಗೆ ಇದರ ಶ್ರಮ ಅಪರಿಚಿತವಲ್ಲ.

ಕಡಗಂಚಿಯಂಥ ಊರಿಗೂ ದೋಣಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿ, ಕಪ್ಪು ಮಣ್ಣಿನ ತೊಗರಿ ಹೊಲಗಳ ನಡುವೆ ಇರುವ ಈ ಊರಿನಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ದೇಶದ ನಾನಾ ಕಡೆಯ ವಿದ್ಯಾರ್ಥಿಗಳು ಅಲ್ಲಿದ್ದಾರೆ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಬೆಳಗಿನ ಎಂಟು ಗಂಟೆಯ ನಂತರ ಬಯಲಿನಲ್ಲಿ ಓಡುವುದು ಕಷ್ಟ. ಫ್ಯಾನಿನ ಕೆಳಗೆ, ಕೋಣೆಯೊಳಗೆ, ಮಂಡಿಗೆ ಪೆಟ್ಟು ಬೀಳದಂತೆ ಬೆವರು ಹರಿಸುವ ಯಂತ್ರಕ್ಕೆ ಇಲ್ಲಿ ಅರ್ಥವಿದೆ.

ನೀರಿಲ್ಲದ ಊರಿನವರಿಗೆ ಈ ಕ್ರೀಡೆ ದೂರ ಎಂದು ಭಾವಿಸಬೇಡಿ. ನೆರೆಯ ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಬರಪೀಡಿತ ಹಳ್ಳಿಯೊಂದರಲ್ಲಿ ಹುಟ್ಟಿದ ದತ್ತು ಭೋಕನಳ್, ಬಾವಿ ತೋಡುವ ಕೆಲಸ ಮಾಡುತ್ತಿದ್ದವರು. ಸೈನ್ಯ ಸೇರಿದ ಮೇಲೆ ಪುಣೆಯಲ್ಲಿ ಹುಟ್ಟು ಹಿಡಿಯಲು ಕಲಿತರು. 2016ರ ರಿಯೋ ಒಲಿಂಪಿಕ್ಸ್‌ನ ಸಿಂಗಲ್ ಸ್ಕಲ್ಸ್ ಸ್ಪರ್ಧೆಯಲ್ಲಿ 13ನೆಯ ಸ್ಥಾನ ಪಡೆದರು. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ವರ ತಂಡದಲ್ಲಿ ಚಿನ್ನ ಗೆದ್ದರು. ದೋಣಿಗೆ ಬೇಕಾದ ಶಕ್ತಿ ನೀರಿನಲ್ಲಿಲ್ಲ, ಮನುಷ್ಯನಲ್ಲಿದೆ.

ಇನ್ನು ಬೆಲೆಯ ಪ್ರಶ್ನೆ. ಒಳ್ಳೆಯ ರೋಯಿಂಗ್ ಯಂತ್ರ ಹೊಸದಾದರೆ ವಿದ್ಯಾರ್ಥಿಯ ಕೈಗೆ ಎಟುಕುವುದಿಲ್ಲ. ಆದರೆ ಹಳೆಯವು ಮಾರಾಟಕ್ಕೆ ಬರುತ್ತವೆ. ಜಿಮ್ ಮುಚ್ಚುವವರು, ಊರು ಬಿಡುವವರು, ಉತ್ಸಾಹದಿಂದ ಕೊಂಡು ಕೊನೆಗೆ ಬಟ್ಟೆ ಒಣಹಾಕಲು ಬಳಸಿದವರು, ಎಲ್ಲರೂ ಮಾರುತ್ತಾರೆ. ನೀವು ಐದು ಜನ ಗೆಳೆಯರು ಹಣ ಕೂಡಿಸಿ ಒಂದನ್ನು ಕೊಳ್ಳಲು ಹೊರಟಿದ್ದೀರಿ ಎಂದು ಊಹಿಸಿಕೊಳ್ಳಿ. ಆ ಹಣದ ಹಿಂದೆ ಯಾರದೋ ತಂದೆಯ ತೊಗರಿಯ ರಾಶಿ ಇದೆ, ಯಾರದೋ ತಾಯಿಯ ಹೊಲಿಗೆಯ ಕೂಲಿ ಇದೆ. ಹಾಗಾಗಿ ಎಚ್ಚರ ಬೇಕು.

ನಮ್ಮ ಹಿರಿಯರು ಜಾತ್ರೆಯಲ್ಲಿ ಎತ್ತು ಕೊಳ್ಳುವ ಕ್ರಮವನ್ನು ನೆನೆಯಿರಿ. ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಅದೆಲ್ಲ ಆದ ಮೇಲೆ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಆಡುತ್ತಾರೆ. ಮೊದಲು ಪರೀಕ್ಷೆ, ಆಮೇಲೆ ಬೆಲೆ. ಈ ಕ್ರಮವನ್ನು ತಿರುವುಮುರುವು ಮಾಡಿದವನು ಅಗ್ಗವೆಂಬ ಮಾತಿಗೆ ಸೋತು, ಪರೀಕ್ಷೆಯ ಕಣ್ಣು ಮುಚ್ಚಿಕೊಳ್ಳುತ್ತಾನೆ.

ಮೊದಲನೆಯದಾಗಿ, ಜಾತಿ ತಿಳಿಯಬೇಕು. ಎಳೆತಕ್ಕೆ ತಡೆ ಒಡ್ಡುವ ಬಗೆಯಿಂದ ಈ ಯಂತ್ರಗಳಲ್ಲಿ ನಾಲ್ಕು ಬಗೆ. ಗಾಳಿ, ನೀರು, ಅಯಸ್ಕಾಂತ ಮತ್ತು ಎಣ್ಣೆ ತುಂಬಿದ ಪಿಸ್ಟನ್. ಪಿಸ್ಟನ್ ಯಂತ್ರ ಅಗ್ಗ. ಆದರೆ ಎಳೆದಂತೆಲ್ಲ ಎಣ್ಣೆ ಬಿಸಿಯಾಗಿ ತೆಳುವಾಗುತ್ತದೆ, ತಡೆ ಕುಗ್ಗುತ್ತದೆ. ಎರಡು ನಿಮಿಷದ ಪರೀಕ್ಷೆಯಲ್ಲಿ ಇದು ತಿಳಿಯದು, ಹತ್ತು ನಿಮಿಷ ಬೇಕು. ಅಯಸ್ಕಾಂತದ್ದು ಸದ್ದು ಮಾಡುವುದಿಲ್ಲ. ಅದರ ಪಟ್ಟಿ ಮತ್ತು ಬೇರಿಂಗ್ ನೋಡಿ. ನೀರಿನ ತೊಟ್ಟಿಯ ಯಂತ್ರದಲ್ಲಿ ಬಿರುಕು ಮತ್ತು ಪಾಚಿ ನೋಡಿ. ಗಾಳಿಯದು ಕ್ರೀಡಾಪಟುಗಳ ಆಯ್ಕೆ. ಇದರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಕಾನ್ಸೆಪ್ಟ್ ಟು ಕಂಪನಿಯ ಯಂತ್ರವೇ ಜಗತ್ತಿಗೆ ಅಳತೆಗೋಲು. ಡ್ರೈಸಿಗೇಕರ್ ಸೋದರರ ಈ ಕಂಪನಿ ಮೊದಲ ಮಾದರಿಯನ್ನು 1981ರಲ್ಲಿ ತಂದಿತು. 2003ರಲ್ಲಿ ಬಂದ ಮಾಡೆಲ್ ಡಿ ಎಂಬುದಕ್ಕೆ 2021ರಿಂದ ರೋಎರ್ಗ್ ಎಂದು ಹೆಸರು. ಹಳೆಯ ಮಾದರಿಗಳಿಗೂ ಬಿಡಿಭಾಗ ಸಿಗುವುದರಿಂದಲೇ ಇದರ ಹಳೆಯ ಯಂತ್ರಕ್ಕೆ ಬೆಲೆ ನಿಲ್ಲುತ್ತದೆ. ಬಿಡಿಭಾಗ ಸಿಗದ ಯಂತ್ರ ಒಂದು ತಿರುಪು ಮುರಿದ ದಿನವೇ ಗುಜರಿ.

ಎರಡನೆಯದಾಗಿ, ನೋಡಲು ಹೋಗುವಾಗ ಐದು ವಸ್ತುಗಳನ್ನು ಒಯ್ಯಿರಿ: ಬಿಳಿ ಬಟ್ಟೆ, ಅಳತೆ ಪಟ್ಟಿ, ಟಾರ್ಚು, ಒಂದು ಸ್ಪ್ಯಾನರು, ದೊಡ್ಡ ಟಾರ್ಚಿಗೆ ಹಾಕುವ ಎರಡು ಡಿ ಗಾತ್ರದ ಸೆಲ್ಲು. "ಸೆಲ್ ಹೋಗಿದೆ, ಹಾಕಿದರೆ ಮೀಟರ್ ಓಡುತ್ತದೆ" ಎಂಬ ಮಾತಿಗೆ ನಿಮ್ಮ ಚೀಲದ ಸೆಲ್ಲುಗಳೇ ಉತ್ತರ. ಸೆಲ್ಲಿನ ಗೂಡಿನಲ್ಲಿ ಹಸಿರು-ಬಿಳಿ ಪುಡಿ ಕಂಡರೆ ಹಳೆಯ ಸೆಲ್ ಸೋರಿದೆ ಎಂದರ್ಥ.

ಬಿಳಿ ಬಟ್ಟೆಯಿಂದ ಪೀಠ ಜಾರುವ ಹಳಿಯನ್ನು ಒರೆಸಿ. ಕೊಳೆ ಬಂದರೆ ಚಿಂತೆಯಿಲ್ಲ. ಒರೆಸಿದ ಮೇಲೂ ಗೀರು, ಗುಳಿ ಕಂಡರೆ ಚಿಂತೆ. ಪೀಠವನ್ನು ಬೆರಳಿನಿಂದ ಮೆಲ್ಲನೆ ತಳ್ಳಿ. ಗಡಗಡ ಎಂದರೆ ಉರುಳೆಗಳು ಸವೆದಿವೆ. ಸರಪಳಿಯನ್ನು ಪೂರ್ತಿ ಎಳೆದು ಟಾರ್ಚಿನ ಬೆಳಕಿನಲ್ಲಿ ತುಕ್ಕು, ಮಡಚದ ಕೊಂಡಿ ಇದೆಯೇ ನೋಡಿ. ಕರಾವಳಿಯಲ್ಲಿದ್ದ ಯಂತ್ರವಾದರೆ ಉಪ್ಪುಗಾಳಿಯ ತುಕ್ಕನ್ನು ಎರಡು ಸಲ ನೋಡಿ. ಹಿಡಿಯನ್ನು ನಿಧಾನವಾಗಿ ಹಿಂದಕ್ಕೆ ಬಿಟ್ಟಾಗ ಅದು ಕೊನೆಯವರೆಗೂ ತಾನೇ ಹೋಗಬೇಕು. ಹೋಗದಿದ್ದರೆ ಒಳಗಿನ ರಬ್ಬರ್ ಹಗ್ಗ ಸೊರಗಿದೆ. ಕಾನ್ಸೆಪ್ಟ್ ಟು ಯಂತ್ರದ ಸರಪಳಿಗೆ 50 ಗಂಟೆ ಬಳಕೆಗೊಮ್ಮೆ ಎಣ್ಣೆ ಹಾಕಬೇಕು. "ಕೊನೆಯ ಸಲ ಯಾವಾಗ ಎಣ್ಣೆ ಹಾಕಿದಿರಿ?" ಎಂದು ಸಹಜವಾಗಿ ಕೇಳಿ. "ಎಣ್ಣೆಯೇ?" ಎಂಬ ಆಶ್ಚರ್ಯ ಬಂದರೆ ನಿಮಗೆ ಉತ್ತರ ಸಿಕ್ಕಿತು.

ಮೂರನೆಯದಾಗಿ, ಭೌತಶಾಸ್ತ್ರ. ಇಲ್ಲಿ ನಿಮ್ಮ ತರಗತಿಯ ಪಾಠ ನೇರವಾಗಿ ಹಣ ಉಳಿಸುತ್ತದೆ. ನೀರಿನಲ್ಲಿ ದೋಣಿಯ ತಡೆ ವೇಗದ ವರ್ಗಕ್ಕೆ ಅನುಪಾತದಲ್ಲಿದ್ದರೆ, ಬೇಕಾಗುವ ಸಾಮರ್ಥ್ಯ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ಕಾನ್ಸೆಪ್ಟ್ ಟು ಮೀಟರ್ ಬಳಸುವ ಸೂತ್ರ ಇದೇ. ಒಂದು ಮೀಟರ್ ದೂರಕ್ಕೆ ಹಿಡಿಯುವ ಸೆಕೆಂಡುಗಳ ಘನದಿಂದ 2.80ನ್ನು ಭಾಗಿಸಿದರೆ ವ್ಯಾಟ್ ದೊರೆಯುತ್ತದೆ. 500 ಮೀಟರಿಗೆ ಎರಡು ನಿಮಿಷವಾದರೆ ಸುಮಾರು 203 ವ್ಯಾಟ್. ಎರಡೂವರೆ ನಿಮಿಷವಾದರೆ ಸುಮಾರು 104 ವ್ಯಾಟ್. ಸಮಯ ಕಾಲು ಭಾಗ ಹೆಚ್ಚಾದರೆ ಶ್ರಮ ಅರ್ಧಕ್ಕೆ ಇಳಿಯುತ್ತದೆ, ನೋಡಿ.

ಮೀಟರಿಗೆ ನಿಮ್ಮ ಶ್ರಮ ತಿಳಿಯುವುದು ಹೇಗೆ? ಎರಡು ಎಳೆತಗಳ ನಡುವೆ ಗಾಲಿ ಎಷ್ಟು ಬೇಗ ನಿಧಾನವಾಗುತ್ತದೆ ಎಂದು ಅಳೆದು, ತಡೆಯನ್ನು ಅದು ತಾನೇ ಲೆಕ್ಕ ಹಾಕುತ್ತದೆ. ಈ ಅಂಕಿಗೆ ಡ್ರ್ಯಾಗ್ ಫ್ಯಾಕ್ಟರ್ ಎನ್ನುತ್ತಾರೆ. ಗಾಲಿಯ ಪಂಜರದಲ್ಲಿ ಧೂಳು ಕಟ್ಟಿದ್ದರೆ, ಗಾಳಿಯ ಕಿಂಡಿಯನ್ನು ಪೂರ್ತಿ ತೆರೆದರೂ ಈ ಅಂಕಿ ಏರುವುದಿಲ್ಲ. ಆದರೆ ಅವಸರದ ತೀರ್ಪು ಬೇಡ. 20 ಡಿಗ್ರಿಯ ಗಾಳಿಗಿಂತ 40 ಡಿಗ್ರಿಯ ಗಾಳಿ ಸುಮಾರು ಶೇಕಡಾ 6ರಷ್ಟು ತೆಳು. ಎತ್ತರ ಹೆಚ್ಚಿದಂತೆಯೂ ಗಾಳಿ ತೆಳುವಾಗುತ್ತದೆ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನದಲ್ಲಿ ಅಂಕಿ ಸ್ವಲ್ಪ ಕಡಿಮೆ ಬಂದರೆ ಅದು ಬಿಸಿಲಿನ ತಪ್ಪು, ಯಂತ್ರದ್ದಲ್ಲ. ಧೂಳಾದರೂ ದೊಡ್ಡ ದೋಷವಲ್ಲ; ಪಂಜರ ಬಿಚ್ಚಿ ಶುಚಿಮಾಡಬಹುದು. ಆದರೆ ಬೆಲೆ ಆಡುವಾಗ ನೆನಪಿಡಬಹುದು.

ಅಗ್ಗದ ಯಂತ್ರಗಳ ಮೀಟರಿಗೆ ಒಂದು ಸರಳ ಪ್ರಯೋಗವಿದೆ. ಇಪ್ಪತ್ತು ಸಲ ಮೆಲ್ಲಗೆ ಎಳೆಯಿರಿ, ದೂರ ಬರೆದುಕೊಳ್ಳಿ. ಇಪ್ಪತ್ತು ಸಲ ಬಲವಾಗಿ ಎಳೆಯಿರಿ, ಮತ್ತೆ ಬರೆದುಕೊಳ್ಳಿ. ಎರಡೂ ಒಂದೇ ಬಂದರೆ ಆ ಮೀಟರ್ ಅಳೆಯುತ್ತಿಲ್ಲ, ಬರೀ ಎಣಿಸುತ್ತಿದೆ. ಅದಕ್ಕೆ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ.

ನಾಲ್ಕನೆಯದಾಗಿ, ಯಂತ್ರದ ವಯಸ್ಸು. ಟೇಪಿನ ಕಾಲದಲ್ಲಿ ನಮ್ಮ ಸ್ಟುಡಿಯೋದವರು ಹಳೆಯ ವಿಡಿಯೋ ರೆಕಾರ್ಡರ್ ಎದುರಾದಾಗ ಅದು ಯಾವ ವರ್ಷದ್ದು ಎಂದು ಕೇಳುತ್ತಿರಲಿಲ್ಲ. ಅದರ ಡ್ರಮ್ ಎಷ್ಟು ಗಂಟೆ ತಿರುಗಿದೆ ಎಂದು ಕೇಳುತ್ತಿದ್ದರು. ಇಲ್ಲೂ ಹಾಗೆಯೇ. ಕಾನ್ಸೆಪ್ಟ್ ಟು ಕಂಪನಿಯ ಈಚಿನ ಮೀಟರ್‌ಗಳು ಇದುವರೆಗೆ ಎಳೆದ ಒಟ್ಟು ದೂರವನ್ನು ನೆನಪಿಟ್ಟುಕೊಂಡಿರುತ್ತವೆ. ಒಟ್ಟು 20 ಲಕ್ಷ ಮೀಟರ್ ಎಂದು ತೋರಿತೆನ್ನಿ. ಭಾರಿ ಸಂಖ್ಯೆ ಎಂದು ಹೆದರಬೇಡಿ. 500 ಮೀಟರಿಗೆ ಎರಡೂವರೆ ನಿಮಿಷದ ವೇಗವೆಂದರೆ ಗಂಟೆಗೆ 12 ಕಿಲೋಮೀಟರ್. ಆ ಲೆಕ್ಕದಲ್ಲಿ 2,000 ಕಿಲೋಮೀಟರಿಗೆ ಸುಮಾರು 167 ಗಂಟೆ. ದಿನಕ್ಕೆ ಅರ್ಧ ಗಂಟೆಯಂತೆ ಒಬ್ಬನ ಒಂದು ವರ್ಷದ ಬಳಕೆಯೂ ಅಲ್ಲ. ಜಿಮ್‌ನ ಯಂತ್ರದಲ್ಲಿ ಇದರ ಹತ್ತು ಪಟ್ಟು ಇರಬಹುದು. ಆದರೆ ಮೀಟರನ್ನು ಬದಲಾಯಿಸಬಹುದು. ಆದ್ದರಿಂದ ಹಿಡಿಯ ಸವೆತವೂ ಕಾಲುಪಟ್ಟಿಯ ಸವೆತವೂ ಆ ಸಂಖ್ಯೆಗೆ ಸಾಕ್ಷಿ ನುಡಿಯುತ್ತವೆಯೇ ನೋಡಿ.

ಈಗ ಬೆಲೆ. ನಾಲ್ಕು ಸಾಲಿನ ಲೆಕ್ಕ ಸಾಕು. ಲೆಕ್ಕದ ಅನುಕೂಲಕ್ಕೆ, ಹೊಸ ಯಂತ್ರ ಕಡಗಂಚಿಯ ಬಾಗಿಲಿಗೆ ಬಂದು ಬೀಳಲು 1,00,000 ರೂಪಾಯಿ ಎಂದಿಟ್ಟುಕೊಳ್ಳಿ. ನಿಜವಾದ ದರವನ್ನು ಕೊಳ್ಳುವ ದಿನವೇ ವಿಚಾರಿಸಿ. ಇಂಥದೇ ಸ್ಥಿತಿಯ ಮೂರು ನಾಲ್ಕು ಹಳೆಯ ಯಂತ್ರಗಳು ನಿಜವಾಗಿ ಎಷ್ಟಕ್ಕೆ ಮಾರಿಹೋದವು ಎಂದು ಕೇಳಿ ತಿಳಿಯಿರಿ. ಜಾಹೀರಾತಿನ ಬೆಲೆ ಕೇಳುವವನ ಆಸೆ ಮಾತ್ರ. ವ್ಯವಹಾರ ಮುಗಿದ ಬೆಲೆಯೇ ಮಾರುಕಟ್ಟೆ. ಅದು 65,000 ಎಂದಾದರೆ, ಅದರಿಂದ ಬದಲಿಸಬೇಕಾದ ಭಾಗಗಳಿಗೆ 5,000, ಸಾಗಣೆಗೆ 6,000, ಕಣ್ಣಿಗೆ ಕಾಣದ ದೋಷದ ಭಯಕ್ಕೆ 4,000 ಕಳೆಯಿರಿ. ಉಳಿದ 50,000 ನಿಮ್ಮ ನ್ಯಾಯವಾದ ಬೆಲೆ.

ಇದನ್ನು ಇನ್ನೊಂದು ಕಡೆಯಿಂದಲೂ ಪರೀಕ್ಷಿಸಿ. ಎರಡು ವರ್ಷ ಬಳಸಿ 40,000ಕ್ಕೆ ಮಾರಿದಿರಿ ಎನ್ನಿ. ಭಾಗ, ಸಾಗಣೆ ಸೇರಿ ನೀವು ಹಾಕಿದ್ದು 61,000, ಕಳೆದುಕೊಂಡದ್ದು 21,000. ಐದು ಜನಕ್ಕೆ ಹಂಚಿದರೆ ತಲೆಗೆ 4,200, ಅಂದರೆ ತಿಂಗಳಿಗೆ 175 ರೂಪಾಯಿ. ಅದೇ ನೀವು 8,000 ಕೊಟ್ಟು ತಂದ ಪಿಸ್ಟನ್ ಯಂತ್ರ ಮೂರು ತಿಂಗಳಲ್ಲಿ ಸೋರಿ ಮೂಲೆ ಸೇರಿದರೆ, ತಲೆಗೆ ತಿಂಗಳಿಗೆ 533 ರೂಪಾಯಿ. ಅಗ್ಗ ಯಾವುದು, ದುಬಾರಿ ಯಾವುದು?

ನ್ಯಾಯವಾದ ಬೆಲೆ ಎಂದಾಗ ಮಾರುವವನ ನ್ಯಾಯವನ್ನೂ ಮರೆಯಬಾರದು. ಅವನ ಕಷ್ಟ ನೋಡಿ ಬೆಲೆ ಹಿಂಡುವುದು ವ್ಯವಹಾರವಲ್ಲ. ಜೋಪಾನ ಮಾಡಿದ ಯಂತ್ರ, ಮೂಲ ರಸೀದಿ, ನೇರ ಮಾತು ಇದ್ದರೆ ನಾಲ್ಕು ಕಾಸು ಹೆಚ್ಚೇ ಕೊಡಿ. ನಿಮ್ಮ ಲೆಕ್ಕದ ಚೀಟಿಯನ್ನು ಅವನ ಮುಂದೆ ಬಿಚ್ಚಿಡಿ, ಟವೆಲ್ ಬೇಕಿಲ್ಲ. ಕಾರಣ ಹೇಳಿ ಕೇಳಿದ ಬೆಲೆಗೆ ಯಾರೂ ಕೋಪಿಸಿಕೊಳ್ಳುವುದಿಲ್ಲ.

ಕಾನೂನಿನ ಎರಡು ಮಾತು. ನಮ್ಮ ಸರಕು ಮಾರಾಟ ಕಾಯ್ದೆ 1930ರದು. ತನ್ನದಲ್ಲದ ವಸ್ತುವನ್ನು ಮಾರಿದವನಿಂದ ಕೊಂಡವನಿಗೆ ಸಾಮಾನ್ಯವಾಗಿ ಒಡೆತನ ಬರುವುದಿಲ್ಲ ಎನ್ನುತ್ತದೆ ಅದು. ಆದ್ದರಿಂದ ಮೂಲ ರಸೀದಿ, ಕ್ರಮಸಂಖ್ಯೆ ತಾಳೆ ನೋಡಿ, ಮಾರಿದ ಬಗ್ಗೆ ಸಹಿ ಹಾಕಿದ ಚೀಟಿ ಪಡೆಯಿರಿ. ಜಿಮ್‌ನ ಯಂತ್ರವಾದರೆ ಅದರ ಮೇಲೆ ಸಾಲ ಉಳಿದಿದೆಯೇ ಕೇಳಿ. ನೋಡದ ಯಂತ್ರಕ್ಕೆ ಮುಂಗಡ ಕೊಡಬೇಡಿ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಮೊಬೈಲ್ ಪಾವತಿಯ ಕಾಲದಲ್ಲಿ ಇನ್ನಷ್ಟು ನಿಜ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಕ್ಯೂಆರ್ ಚಿತ್ರ ಸ್ಕ್ಯಾನ್ ಮಾಡಬೇಕಾಗಿಲ್ಲ. ಅವೆರಡೂ ಹಣ ಕೊಡುವ ಕ್ರಿಯೆಗಳು. ಮೋಸವಾಯಿತೆಂದು ಕಂಡೊಡನೆ ಕರೆಯಬೇಕಾದ ಸೈಬರ್ ಸಹಾಯವಾಣಿಯ ಸಂಖ್ಯೆಯೂ 1930. ಕಾಯ್ದೆಯ ವರ್ಷ ನೆನಪಿದ್ದರೆ ಸಂಖ್ಯೆಯೂ ನೆನಪಿರುತ್ತದೆ.

ಕೊನೆಯದಾಗಿ, ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಈ ಯಂತ್ರದ ಉದ್ದ 244 ಸೆಂಟಿಮೀಟರ್. ಕಾಲು ಚಾಚಿ ಎಳೆಯಲು ಇನ್ನೂ ಜಾಗ ಬೇಕು. ಎರಡು ಭಾಗವಾಗಿ ಬಿಚ್ಚಬಹುದು, ಆದರೆ ದಿನವೂ ಬಿಚ್ಚಿ ಜೋಡಿಸುವವರು ಕಡಿಮೆ. ಕೋಣೆಯನ್ನು ಮೊದಲು ಅಳೆಯಿರಿ. ಆಮೇಲೆ ಮನಸ್ಸನ್ನು ಅಳೆಯಿರಿ: ಮೂವತ್ತು ದಿನ, ಯಂತ್ರವಿಲ್ಲದೆಯೇ, ನಿತ್ಯ ಇಪ್ಪತ್ತು ನಿಮಿಷ ಯಾವುದಾದರೂ ವ್ಯಾಯಾಮ ಮಾಡಿ ನೋಡಿ. ಐವರಲ್ಲಿ ಎಷ್ಟು ಜನ ಉಳಿದಿರಿ ಎಂದು ಎಣಿಸಿ. ಇಬ್ಬರೇ ಉಳಿದರೆ ಹಣವನ್ನು ಇಟ್ಟುಕೊಳ್ಳಿ, ನಷ್ಟವೇನಿಲ್ಲ. ಐವರೂ ಉಳಿದರೆ ಬಿಳಿ ಬಟ್ಟೆ, ಎರಡು ಸೆಲ್ಲು ಚೀಲಕ್ಕೆ ಹಾಕಿಕೊಂಡು ಹೊರಡಿ.